ಅವಳ ಜಡೆ ಓದಿಗೆ ಅಡ್ಡ ಬರಲ್ವಾ?

"ಆಂಟಿ, ನಿಮ್ಮ ಮಗಳ ಜಡೆ ಅವಳ ಓದಿಗೆ ಅಡ್ಡ ಬರಲ್ವಾ?"

ಪಕ್ಕದ ಮನೆ ಹುಡುಗಿ ಕೇಳಿದ್ದು ಇಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ. ತಾಯಿ ಕರೆದರು, ಒಳಗೆ ಹೋದಳು. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಅವಳಿಗೆ ಸೀನಿಯರ್ ಹೈಸ್ಕೂಲಿನಲ್ಲಿ ಸೀಟು ಸಿಕ್ಕಿದೆ. ಇಲ್ಲಿ ಘಾನಾದಲ್ಲಿ ಅದೊಂದು ದೊಡ್ಡ ಸಂಭ್ರಮ. ಹಾಸ್ಟೆಲಿಗೆ ಹೊರಟ ಮಕ್ಕಳಿಗೆ ಬೀಗ ಹಾಕುವಂಥ ಮರದ ಪೆಟ್ಟಿಗೆ ಮಾಡಿಸುತ್ತಾರೆ. ಚಾಪ್ ಬಾಕ್ಸ್ ಅಂತ ಕರೆಯುತ್ತಾರೆ. ಅದರೊಳಗೆ ಮರಗೆಣಸಿನಿಂದ ಮಾಡಿದ ಗಾರಿ, ಸಕ್ಕರೆ, ಹಾಲಿನ ಪುಡಿ, ಮನೆಯಲ್ಲೇ ಕಾಯಿಸಿದ ಶಿಟೊ. ಒಣಮೀನು, ಮೆಣಸಿನಕಾಯಿ ಎಣ್ಣೆಯಲ್ಲಿ ಕಪ್ಪಗಾಗುವವರೆಗೆ ಹುರಿದ ಆ ಚಟ್ನಿಯ ಘಾಟು ಎರಡು ದಿನ ನಮ್ಮ ಮನೆಯಲ್ಲೂ ತುಂಬಿತ್ತು. ಪೆಟ್ಟಿಗೆ ತುಂಬಿತು. ಉಳಿದಿದ್ದು ಕೂದಲು.

ಸರ್ಕಾರಿ ಹೈಸ್ಕೂಲುಗಳಲ್ಲಿ ಹೆಣ್ಣುಮಕ್ಕಳ ತಲೆಯೂ ಗಂಡುಮಕ್ಕಳ ಹಾಗೆ ಸಣ್ಣಗೆ ಕತ್ತರಿಸಿರಬೇಕು. ಉದ್ದ ಕೂದಲು ಓದಿಗೆ ಅಡ್ಡ ಅನ್ನುವುದು ಕಾರಣ. ಜೂನಿಯರ್ ಹೈಸ್ಕೂಲಿನಲ್ಲೂ ಬಹುತೇಕ ಇದೇ ಕಥೆ. ನಡುವೆ ಸಿಗುವ ರಜೆಯಲ್ಲಿ ಮಾತ್ರ ಹುಡುಗಿಯರು ಆಸೆಯಿಂದ ಕೂದಲು ಬಿಡುತ್ತಾರೆ. ಇವಳೂ ಬಿಟ್ಟಿದ್ದಳು. ತಾಯಿ ಮೊಣಕಾಲ ನಡುವೆ ಕೂರಿಸಿಕೊಂಡು, ಬಾಚಣಿಗೆಯ ತುದಿಯಿಂದ ಬೈತಲೆ ಗೀರಿ, ನೆತ್ತಿಗಂಟಿದ ಹಾಗೆ ಸಾಲುಸಾಲಾಗಿ ಹೆಣೆಯುತ್ತಿದ್ದರು. ಮಧ್ಯಾಹ್ನ ಶುರುವಾದರೆ ಸಂಜೆಯಾಗುತ್ತಿತ್ತು. ಅದನ್ನೆಲ್ಲ ಬಿಚ್ಚಿ, ಜಗುಲಿಯಲ್ಲಿ ಮಷೀನ್ ಹಿಡಿದು ತೆಗೆದದ್ದು ಹತ್ತೇ ನಿಮಿಷದಲ್ಲಿ.

ನನ್ನ ಮಗಳು ಇಲ್ಲೇ ಶಾಲೆಗೆ ಹೋಗುತ್ತಾಳೆ, ಎರಡು ಜಡೆ ಹಾಕಿಕೊಂಡು. ಸೇರಿಸುವಾಗ ಕೇಳಿದ್ದೆ. "ಇಂಡಿಯನ್ ಅಲ್ವಾ, ಪರವಾಗಿಲ್ಲ" ಅಂದಿದ್ದರು. ಅವತ್ತು ಖುಷಿಯಾಗಿತ್ತು. ವಿದೇಶಿ ಮಕ್ಕಳಿಗೆ, ಅಪ್ಪ ಅಮ್ಮಂದಿರಲ್ಲಿ ಒಬ್ಬರು ಬಿಳಿಯರಾದ ಮಕ್ಕಳಿಗೆ ಎಷ್ಟೋ ಕಡೆ ಹೀಗೆ ಸಡಿಲ ಬಿಡುತ್ತಾರೆ. ಇಲ್ಲಿನ ಜನರೇ ಇದರ ಬಗ್ಗೆ ಎಷ್ಟೋ ವರ್ಷಗಳಿಂದ ವಾದ ಮಾಡುತ್ತಿದ್ದಾರೆ.

ಹುಡುಗಿಯ ತಾಯಿಗೆ ನಿಯಮದ ಬಗ್ಗೆ ತಕರಾರಿಲ್ಲ. "ನಂದೂ ಕತ್ತರಿಸಿದ್ರು, ನಮ್ಮಮ್ಮಂದೂ ಕತ್ತರಿಸಿದ್ರು" ಅಂದರು. ಹೆಣೆಸಲು ದುಡ್ಡು ಬೇಕು, ಹೊತ್ತು ಬೇಕು, ಬಡವರ ಮಗಳು ಶ್ರೀಮಂತರ ಮಗಳು ಒಂದೇ ಥರ ಕಾಣಲಿ ಅನ್ನುವುದು ಅವರ ಮಾತು. ಅದರಲ್ಲಿ ಹುರುಳಿಲ್ಲ ಅಂತ ಹೇಳಲಾರೆ. ಆದರೆ ಎಲ್ಲರೂ ಒಂದೇ ಅನ್ನುವ ನಿಯಮ ನನ್ನ ಮಗಳನ್ನು ಯಾಕೆ ಹೊರಗಿಟ್ಟಿತು? ಉದ್ದ ಕೂದಲು ಓದು ಕೆಡಿಸುವುದಾದರೆ ಅವಳದನ್ನೂ ಕೆಡಿಸಬೇಕಿತ್ತಲ್ಲ. ಅವಳದು ನೆಟ್ಟಗೆ ಬೆನ್ನಿಗೆ ಇಳಿಯುತ್ತದೆ, ಹಾಗಾಗಿ ಶಿಸ್ತು. ಇವಳದು ಗುಂಗುರು, ಮೇಲಕ್ಕೆ ನಿಲ್ಲುತ್ತದೆ, ಹಾಗಾಗಿ ಅಶಿಸ್ತು. ನನಗೆ ಕಾಣುವ ಕಾರಣ ಇದೊಂದೇ.

ಇದು ಆಫ್ರಿಕಾದವರ ಪದ್ಧತಿ ಅಂದುಕೊಳ್ಳಬೇಡಿ. ನಿಜ, ಇಲ್ಲಿನ ಅಶಾಂತಿ ಜನಾಂಗದ ರಾಜಮಾತೆಯರೂ ಕೂದಲನ್ನು ಗಿಡ್ಡವಾಗಿ ಇಡುತ್ತಾರೆ. ಅದಕ್ಕೆ ಡಾನ್ಸಿಂಕ್ರಾನ್ ಅನ್ನುತ್ತಾರೆ. ಅಂಚು ದುಂಡಗೆ ತೀಡಿ, ಕಪ್ಪು ಹಚ್ಚಿ, ಕಿರೀಟದ ಹಾಗೆ ಮಾಡಿಕೊಳ್ಳುವುದು ಅದು. ನೋಡಿದರೆ ಕೈ ಮುಗಿಯಬೇಕು ಅನಿಸುತ್ತದೆ. ಅದು ಅವರೇ ಆರಿಸಿಕೊಂಡ ಗೌರವ. ಶಾಲೆಯ ಕತ್ತರಿ ಮಿಷನರಿಗಳ, ವಸಾಹತು ಕಾಲದ ಶಾಲೆಗಳಿಂದ ಬಂದದ್ದು ಅನ್ನುತ್ತಾರೆ ಇಲ್ಲಿ ಓದಿಕೊಂಡವರು.

ಮಿಷನರಿಗಳು ಅಂದಾಗ ನಮ್ಮ ಕರಾವಳಿ ನೆನಪಾಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಅದಕ್ಕೂ ಮೊದಲೇ 1828ರಲ್ಲಿ ಘಾನಾದ ಕಡಲತೀರಕ್ಕೆ ಬಂದಿಳಿದಿತ್ತು. ನಮಗೆ ಕಿಟೆಲ್ ನಿಘಂಟು ಮಾಡಿಕೊಟ್ಟರು. ಇಲ್ಲಿ ಅದೇ ಮಿಷನ್ನಿನ ಕ್ರಿಸ್ಟಾಲರ್ 1881ರಲ್ಲಿ ಟ್ವಿ ಭಾಷೆಗೆ ನಿಘಂಟು ಕೊಟ್ಟರು. ಆ ಋಣ ಇಲ್ಲಿನವರೂ ಮರೆತಿಲ್ಲ. ಕೊಟ್ಟದ್ದನ್ನು ನೆನೆಯುತ್ತಲೇ ಆ ಕಾಲ ಕಿತ್ತುಕೊಂಡದ್ದನ್ನೂ ಕೇಳಬಹುದು ತಾನೆ?

ಈ ದೇಶಕ್ಕೆ ಹೆಮ್ಮೆ ಕಮ್ಮಿ ಇಲ್ಲ. 1957ರ ಮಾರ್ಚ್ 6ಕ್ಕೆ ಸ್ವಾತಂತ್ರ್ಯ ಬಂದ ರಾತ್ರಿ ಮೊದಲ ಪ್ರಧಾನಿ ಎನ್‌ಕ್ರೂಮಾ ಸೂಟು ಹಾಕಲಿಲ್ಲ, ಉತ್ತರ ಘಾನಾದ ಕೈಮಗ್ಗದ ಅಂಗಿ ತೊಟ್ಟು ವೇದಿಕೆಗೆ ಬಂದರು. ಈಗಲೂ ಶುಕ್ರವಾರ ಬಂತೆಂದರೆ ಆಫೀಸಿನಲ್ಲಿ ದೇಸಿ ಬಟ್ಟೆಯ ಬಣ್ಣವೇ ಬಣ್ಣ. ಬಟ್ಟೆಗೆ ಬಂದ ಸ್ವಾತಂತ್ರ್ಯ ಹೆಣ್ಣುಮಕ್ಕಳ ತಲೆಗೆ ಇನ್ನೂ ಬಂದಿಲ್ಲ. 2021ರಲ್ಲಿ ಜಟೆ ಬಿಡುವುದನ್ನೇ ಧರ್ಮವಾಗಿ ಪಾಲಿಸುವ ರಾಸ್ತಫಾರಿ ಪಂಥದ ಇಬ್ಬರು ಹುಡುಗರನ್ನು ರಾಜಧಾನಿ ಅಕ್ರಾದ ಹೆಸರಾಂತ ಅಚಿಮೋಟಾ ಶಾಲೆ ಒಳಗೆ ಬಿಡಲಿಲ್ಲ. ಅದು ಎನ್‌ಕ್ರೂಮಾ ಓದಿದ ಜಾಗ. ಮನೆಯವರು ಕೋರ್ಟಿಗೆ ಹೋದರು. ಆ ಮೇ ತಿಂಗಳ ಕೊನೆಗೆ ಹೈಕೋರ್ಟ್ ಹುಡುಗರ ಪರ ನಿಂತಿತು. ಅವರಿಗೆ ಧರ್ಮದ ಬಲ ಇತ್ತು. ಪಕ್ಕದ ಮನೆ ಹುಡುಗಿಗೆ ಇರುವುದು ಆಸೆ ಮಾತ್ರ.

ಅವಳ ಬೋಳು ತಲೆ ನೋಡಿದಾಗಿನಿಂದ ನನಗೆ ಯಲ್ಲಾಪುರದ ನಮ್ಮ ಶಾಲೆ ಬಿಟ್ಟೂಬಿಡದೆ ನೆನಪಾಗುತ್ತಿದೆ. ನಮ್ಮ ತರಗತಿಯಲ್ಲಿ ಒಬ್ಬಳು ಸಿದ್ದಿ ಹುಡುಗಿ ಇದ್ದಳು. ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದ ಆಫ್ರಿಕನ್ನರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ನಮ್ಮ ಘಟ್ಟದ ಕಾಡು ಸೇರಿದರು. ಅವರ ವಂಶದವಳು. ನಮ್ಮ ಶಾಲೆಯ ನಿಯಮ ಇಲ್ಲಿಯದಕ್ಕೆ ಪೂರಾ ಉಲ್ಟಾ. ಎರಡು ಜಡೆ, ಮಡಚಿ ಕಟ್ಟಿದ ರಿಬ್ಬನ್. ಅವಳ ಕೂದಲು ಹೆಗಲಿಗೂ ಇಳಿಯುತ್ತಿರಲಿಲ್ಲ, ರಿಬ್ಬನ್ ಎಲ್ಲಿ ನಿಲ್ಲಬೇಕು? ಪ್ರಾರ್ಥನೆ ಹೊತ್ತಿಗೆ ಪ್ರತಿ ವಾರ ಬೈಗುಳ. "ಎಣ್ಣೆ ಹಾಕಿ ಬಾಚಲಿಕ್ಕೆ ಏನು ಧಾಡಿ?" ಅವಳ ತಲೆಯಿಂದ ಎಣ್ಣೆ ಹಣೆಗೆ ಇಳಿದಿರುತ್ತಿತ್ತು. ಏಳನೇ ತರಗತಿ ಮುಗಿಯುವ ಮೊದಲೇ ಶಾಲೆ ಬಿಟ್ಟಳು. ಬೇರೆ ಕಾರಣಗಳೂ ಇದ್ದವು, ಗೊತ್ತು.

ಅವಳಜ್ಜಿ ಹೊಲಿದ ಕೌದಿಯ ಬಣ್ಣಗಳನ್ನು, ಡಮಾಮಿ ಬಡಿದರೆ ಆ ಕೇರಿಗೆ ಕೇರಿಯೇ ಕುಣಿಯುವುದನ್ನು ನಾವು ಹಬ್ಬದ ದಿನ ಚಪ್ಪಾಳೆ ತಟ್ಟಿ ನೋಡುತ್ತಿದ್ದೆವು. ಕುಣಿತ ಚೆಂದ, ಕೂದಲು ಮಾತ್ರ ಅಸಹ್ಯ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದಾಗ ಇಲ್ಲಿ ಕೂತು ಸುದ್ದಿ ಓದಿ ಕಣ್ಣು ತುಂಬಿತ್ತು.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಮೇಷ್ಟ್ರು, ಟೀಚರ್ ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು ಬರೆಯಿರಿ. ನಿಮ್ಮ ಶಾಲೆಯಲ್ಲಿ ಆ ಮಕ್ಕಳ ಕೂದಲಿಗೆ ಈಗ ಏನು ನಿಯಮ? ರಿಬ್ಬನ್ ಇಲ್ಲದೆ ಬಂದವಳನ್ನು ಸುಮ್ನೆ ಒಳಗೆ ಬಿಡುತ್ತೀರಾ?