ಓದಲು ಕಲಿತ ಮಿದುಳು ಅಕ್ಷರವನ್ನು ನೋಡುವ ಬಗೆ

ಬರಹ ಹುಟ್ಟಿ ಸುಮಾರು 5,000 ವರ್ಷಗಳಾಗಿವೆ. ಜೀವವಿಕಾಸದ ಲೆಕ್ಕದಲ್ಲಿ ಇದು ತೀರಾ ಚಿಕ್ಕ ಅವಧಿ. ಇಷ್ಟರೊಳಗೆ ಓದಿಗೆಂದೇ ಮೀಸಲಾದ ಭಾಗವೊಂದು ಹುಟ್ಟಿನಿಂದಲೇ ಮಿದುಳಿನಲ್ಲಿ ಬರುವಂತಾಗಲು ಸಾಧ್ಯವಿರಲಿಲ್ಲ. ಮೇಲಾಗಿ ಇತ್ತೀಚಿನವರೆಗೂ ಮನುಷ್ಯರಲ್ಲಿ ಬಹುಪಾಲು ಜನರಿಗೆ ಓದುಬರಹವೇ ಬರುತ್ತಿರಲಿಲ್ಲ. ಹೀಗಿದ್ದರೂ ಓದು ಬಲ್ಲವರ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ಅವರ ಲಿಪಿ ಯಾವುದೇ ಆಗಿರಲಿ, ಎಡಮಿದುಳಿನ ತಳಭಾಗದಲ್ಲಿ, ಹಿಂಬದಿಗೆ ಹತ್ತಿರವಾಗಿ, ಬರಹ ಕಂಡೊಡನೆ ಚುರುಕಾಗುವ ಒಂದು ಸಣ್ಣ ಪ್ರದೇಶ ಸಾಮಾನ್ಯವಾಗಿ ಅದೇ ಜಾಗದಲ್ಲಿ ಸಿಗುತ್ತದೆ. 2000ನೇ ಇಸವಿಯಲ್ಲಿ ಫ್ರಾನ್ಸಿನ ಲೋರಾಂ ಕೊಹೆನ್, ಸ್ತಾನಿಸ್ಲಾಸ್ ದೆಹೆನ್ ಮತ್ತು ಅವರ ಸಂಗಡಿಗರು ಇದನ್ನು ವಿವರಿಸಿದರು. ಈ ಬರಹದಲ್ಲಿ ಅದನ್ನು ಪದರೂಪ ಪ್ರದೇಶ ಎಂದು ಕರೆಯುತ್ತೇನೆ. ಹುಟ್ಟಿನಿಂದ ಬಾರದ ಸಾಮರ್ಥ್ಯವೊಂದು ಎಲ್ಲರಲ್ಲೂ ಒಂದೇ ಜಾಗ ಹಿಡಿಯುವುದು ಹೇಗೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ಇದರ ಸುಳಿವು ಸ್ಕ್ಯಾನ್ ಯಂತ್ರಗಳು ಬರುವುದಕ್ಕೆ ಎಷ್ಟೋ ಮೊದಲೇ ಸಿಕ್ಕಿತ್ತು. ಪ್ಯಾರಿಸ್ಸಿನ ನರವೈದ್ಯ ಜೂಲ್ ದೆಜೆರಿನ್ ಅವರು 1892ರಲ್ಲಿ ವರದಿ ಮಾಡಿದ ರೋಗಿಯೊಬ್ಬರು ಸ್ಟ್ರೋಕ್ ಆದ ಮೇಲೆ ಓದುವ ಶಕ್ತಿಯನ್ನು ಕಳೆದುಕೊಂಡಿದ್ದರು. ಮಾತು ಸರಿಯಾಗಿತ್ತು, ಸುತ್ತಲಿನ ವಸ್ತುಗಳನ್ನೂ ಜನರನ್ನೂ ಗುರುತಿಸುತ್ತಿದ್ದರು, ಹೇಳಿದ್ದನ್ನು ಬರೆಯುತ್ತಲೂ ಇದ್ದರು. ಆದರೆ ತಾವೇ ಬರೆದದ್ದನ್ನು ಮತ್ತೆ ಮುಂದಿಟ್ಟರೆ ಓದಲು ಆಗುತ್ತಿರಲಿಲ್ಲ. ಅಕ್ಷರದ ಗೆರೆಯ ಮೇಲೆ ಬೆರಳಾಡಿಸಿದರೆ ಮಾತ್ರ ಅದು ಯಾವ ಅಕ್ಷರವೆಂದು ಹೊಳೆಯುತ್ತಿತ್ತು. ಅವರ ಮರಣಾನಂತರ ಮಿದುಳನ್ನು ಪರೀಕ್ಷಿಸಿದಾಗ ಎಡಮಿದುಳಿನ ಹಿಂಭಾಗವೂ, ಎರಡು ಅರ್ಧಗೋಳಗಳನ್ನು ಜೋಡಿಸುವ ನರತಂತುಗಳ ಹಿಂತುದಿಯೂ ಹಾಳಾಗಿದ್ದವು. ಕಣ್ಣು ಕಾಣುತ್ತಿತ್ತು, ಭಾಷೆ ಉಳಿದಿತ್ತು; ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಮಾತ್ರ ಕಡಿದಿತ್ತು. ಓದುವುದೆಂದರೆ ನೋಡುವುದರ ಒಂದು ವಿಶೇಷ ಬಗೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಬೇರೊಂದು ಪ್ರಕರಣವನ್ನು ನಾನು ಓದಿಲ್ಲ.

ಹಾಗಾದರೆ ಅನಕ್ಷರಸ್ಥರಲ್ಲಿ ಆ ಪದರೂಪ ಪ್ರದೇಶ ಏನು ಮಾಡುತ್ತಿರುತ್ತದೆ? 2010ರಲ್ಲಿ ದೆಹೆನ್ ಮತ್ತು ಸಂಗಡಿಗರು ಬ್ರೆಜಿಲ್ ಮತ್ತು ಪೋರ್ಚುಗಲ್‌ಗಳಲ್ಲಿ ಅಕ್ಷರಸ್ಥರ, ಅನಕ್ಷರಸ್ಥರ ಮತ್ತು ದೊಡ್ಡವರಾದ ಮೇಲೆ ಓದು ಕಲಿತವರ ಮಿದುಳುಗಳನ್ನು ಹೋಲಿಸಿದರು. ಓದು ಬಂದಂತೆಲ್ಲ ಈ ಪ್ರದೇಶ ಬರಹಕ್ಕೆ ಹೆಚ್ಚು ಸ್ಪಂದಿಸುತ್ತಿತ್ತು, ಮುಖಗಳಿಗೆ ತೋರುವ ಸ್ಪಂದನೆ ಅಲ್ಲಿ ತುಸು ತಗ್ಗುತ್ತಿತ್ತು. ಅಕ್ಷರ ಬಂದರೆ ಮತ್ತೊಂದು ಸಾಮರ್ಥ್ಯ ಜಾಗ ಬಿಟ್ಟುಕೊಡಬೇಕೇ ಎಂಬ ಆತಂಕ ಆಗ ಸಹಜವಾಗಿಯೇ ಹುಟ್ಟಿತು. ಆದರೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೇವನಾಗರಿ ಕಲಿತವರ ಮಿದುಳು ಬರಹಕ್ಕೆ ಸ್ಪಂದಿಸಲು ತೊಡಗಿದರೂ ಮುಖಗಳಿಗೋ ಬೇರೆ ವಸ್ತುಗಳಿಗೋ ತೋರುವ ಸ್ಪಂದನೆ ಅದರಿಂದ ನಾಶವಾಗಿರಲಿಲ್ಲ. ಹಳೆಯ ಸಾಮರ್ಥ್ಯದ ಮೇಲೆಯೇ ಹೊಸತು ಕಟ್ಟಿಕೊಳ್ಳುತ್ತದೆ ಎಂಬ ಈ ನಿಲುವೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಹುಟ್ಟುಕುರುಡರು ಬ್ರೈಲ್ ಓದುವಾಗಲೂ ಇದೇ ಪ್ರದೇಶ ಚುರುಕಾಗುತ್ತದೆ ಎಂದು 2011ರಲ್ಲಿ ಕಂಡುಬಂದ ಮೇಲಂತೂ, ಆ ಜಾಗವನ್ನು ಬರೀ ಕಣ್ಣಿನ ಸೊತ್ತೆಂದು ಕರೆಯುವುದೂ ಕಷ್ಟವಾಗಿದೆ.

ಬೆಂಗಳೂರಿನಲ್ಲಿ ಕುಳಿತು ಇದನ್ನೆಲ್ಲ ಓದುವಾಗ ನನಗೆ ಮುಖ್ಯವೆನಿಸಿದ್ದು ಇನ್ನೊಂದು ಪ್ರಶ್ನೆ. ಓದಲು ಕಲಿತಾಗ ಮಿದುಳು ಪದವನ್ನು ಇಡಿಯಾಗಿ, ಒಂದು ಚಿತ್ರದಂತೆ ಹಿಡಿಯಲು ಕಲಿಯುತ್ತದೆಯೇ, ಇಲ್ಲವೇ ಪದದೊಳಗಿನ ಅಕ್ಷರಗಳನ್ನು ಒಂದರಿಂದೊಂದು ಬಿಡಿಸಿ ನೋಡಲು ಕಲಿಯುತ್ತದೆಯೇ?

ಭಾನುವಾರಗಳಂದು ನಮ್ಮ ಬಡಾವಣೆಯಲ್ಲಿ, ಹೊರರಾಜ್ಯಗಳಿಂದ ಬಂದು ನೆಲೆಸಿದವರಿಗೆ ನಾನು ಕನ್ನಡ ಓದು ಕಲಿಸುತ್ತೇನೆ. ಕೇರಳದಿಂದ ಬಂದು ಇಲ್ಲಿ ನರ್ಸ್ ಆಗಿರುವ ಒಬ್ಬರು ತರಗತಿಗೆ ಸೇರಿದ ಹೊಸದರಲ್ಲಿ, “ಮೇಡಂ, ಯಶವಂತಪುರ ಬೋರ್ಡು ನನಗೆ ಆಗಲೇ ಓದಲು ಬರುತ್ತದೆ” ಎಂದರು. ದಿನವೂ ಹತ್ತುವ ಬಸ್ಸಿನ ಬೋರ್ಡು ಅದು. ಪಕ್ಕದಲ್ಲಿ ‘ಶಿವಾಜಿನಗರ’ ಎಂದು ಬರೆದು ತೋರಿಸಿದೆ. ಶ, ವ, ರ ಮೂರೂ ಎರಡೂ ಹೆಸರುಗಳಲ್ಲಿವೆ. ರ ಅಂತೂ ಎರಡರಲ್ಲೂ ಕೊನೆಗೇ ಬರುತ್ತದೆ. ಅವರಿಗೆ ಒಂದು ಅಕ್ಷರವೂ ಸಿಗಲಿಲ್ಲ. ಕೆಲವು ತಿಂಗಳ ಅಭ್ಯಾಸದ ಬಳಿಕ, ಎಂದೂ ಕಾಣದ ಹೆಸರುಗಳನ್ನೂ ಅವರು ನಿಧಾನವಾಗಿ ಓದತೊಡಗಿದರು. ಅಷ್ಟರಲ್ಲಿ ಯಶವಂತಪುರವೂ ಅವರ ಪಾಲಿಗೆ ಆರು ಅಕ್ಷರಗಳ ಪದವಾಗಿತ್ತು.

ಈ ಬದಲಾವಣೆಯನ್ನೇ ಪ್ರಯೋಗದ ಮೂಲಕ ಅಳೆದವರು ನಮ್ಮ ನಗರದ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು. ಆಕಾಶ್ ಅಗರ್ವಾಲ್, ಕೆ.ವಿ.ಎಸ್. ಹರಿ ಮತ್ತು ಎಸ್.ಪಿ. ಅರುಣ್ ಅವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೆಲುಗು ಓದಬಲ್ಲ, ಮಲಯಾಳಂ ಬಾರದ ಒಂದು ಗುಂಪೂ, ಮಲಯಾಳಂ ಓದಬಲ್ಲ, ತೆಲುಗು ಬಾರದ ಇನ್ನೊಂದು ಗುಂಪೂ ಇದ್ದವು. ಹೀಗೆ ಮಾಡಿದ್ದರಿಂದ ಅದೇ ಲಿಪಿ ಒಬ್ಬರಿಗೆ ಓದು, ಇನ್ನೊಬ್ಬರಿಗೆ ಬರೀ ಆಕಾರ. ಪರದೆಯ ಮೇಲೆ ಒಂದೇ ತೆರನಾದ ಹಲವು ಅಕ್ಷರಜೋಡಿಗಳ ನಡುವೆ ಬೇರೆಯಾದ ಒಂದನ್ನು ಹುಡುಕಿ ತೋರಿಸಬೇಕು. ಎರಡು ಆಕಾರಗಳು ಮಿದುಳಿಗೆ ಎಷ್ಟು ಒಂದೇ ಥರ ಕಾಣುತ್ತವೆಯೋ ಹುಡುಕಾಟ ಅಷ್ಟು ತಡವಾಗುತ್ತದೆ. ಆದ್ದರಿಂದ ಹಿಡಿದ ಸಮಯವೇ ಅವುಗಳ ನಡುವಿನ ಅಂತರದ ಅಳತೆ. ಲಿಪಿ ಬಲ್ಲವರಲ್ಲಿ ಬಿಡಿ ಅಕ್ಷರಗಳ ನಡುವಿನ ವ್ಯತ್ಯಾಸ ಹೆಚ್ಚು ಸ್ಪಷ್ಟವಾಗಿತ್ತು, ಮತ್ತು ಜೋಡಿಯೊಳಗಿನ ಒಂದು ಅಕ್ಷರ ಇನ್ನೊಂದರ ನೋಟವನ್ನು ಕಲಕುವುದು ಕಡಿಮೆಯಾಗಿತ್ತು. ಈ ಕಲಕುವಿಕೆಯ ಪ್ರಮಾಣದಿಂದ ಅವರು ಎಷ್ಟು ಸರಾಗವಾಗಿ ಓದುತ್ತಾರೆಂದು ಊಹಿಸಲೂ ಸಾಧ್ಯವಾಯಿತು. ಸ್ಕ್ಯಾನ್ ಪ್ರಯೋಗದಲ್ಲಿಯೂ ಇದೇ ಕಂಡಿತು: ಓದುಬಲ್ಲವರಲ್ಲಿ ಅಕ್ಷರಜೋಡಿಗೆ ಮಿದುಳು ತೋರುವ ಸ್ಪಂದನೆಯನ್ನು ಬಿಡಿ ಅಕ್ಷರಗಳ ಸ್ಪಂದನೆಯಿಂದಲೇ ಹೆಚ್ಚು ನಿಖರವಾಗಿ ಲೆಕ್ಕ ಹಾಕಬಹುದಾಗಿತ್ತು. ಗಮನಿಸಬೇಕಾದದ್ದೆಂದರೆ, ಇದು ಕಂಡದ್ದು ವಸ್ತುಗಳ ಆಕಾರವನ್ನು ಗ್ರಹಿಸುವ ಭಾಗದಲ್ಲಿ. ಅಂದರೆ ಓದು ಅರ್ಥದ ಮಟ್ಟವನ್ನು ತಲುಪುವ ಮೊದಲೇ ನೋಟವನ್ನು ತಿದ್ದಿಬಿಟ್ಟಿರುತ್ತದೆ.

ಪದವನ್ನು ಚಿತ್ರದಂತೆ ನೆನಪಿಡಿಸುವ ಮಿಂಚುಪಟ್ಟಿಗಳನ್ನು (ಫ್ಲ್ಯಾಶ್ ಕಾರ್ಡುಗಳನ್ನು) ನಮ್ಮ ನರ್ಸರಿಗಳು ಈಗ ಧಾರಾಳವಾಗಿ ಬಳಸುತ್ತವೆ. ಗುರುತು ಹತ್ತಿಸುವುದಕ್ಕೆ ಅವು ಒಳ್ಳೆಯವೇ. ಆದರೆ ಅಷ್ಟಕ್ಕೇ ನಿಂತರೆ ಓದು ಬರುವುದಿಲ್ಲ ಎಂದು, ಈ ಅಧ್ಯಯನವನ್ನೂ ನನ್ನ ತರಗತಿಯನ್ನೂ ಒಟ್ಟಿಗಿಟ್ಟು ನೋಡಿದಾಗ, ನಾನು ನಂಬುತ್ತೇನೆ.

ಕನ್ನಡದಲ್ಲಂತೂ ಈ ಬಿಡಿಸುವ ಕೆಲಸ ಸಣ್ಣದಲ್ಲ. ವರ್ಣಮಾಲೆಯಲ್ಲಿ 49 ಅಕ್ಷರಗಳಾದರೂ ಗುಣಿತಾಕ್ಷರಗಳನ್ನು ಸೇರಿಸಿದರೆ 400ಕ್ಕೂ ಹೆಚ್ಚು ರೂಪಗಳಾಗುತ್ತವೆ, ಒತ್ತಕ್ಷರಗಳು ಬೇರೆ. ದ, ಧ, ಥ ಗಳ ನಡುವೆ ಇರುವುದು ಒಂದು ಸೀಳು, ಒಂದು ಚುಕ್ಕಿ. ತ, ನ, ಮ, ಯ, ರ, ಲ ಗಳ ಒತ್ತುಗಳಲ್ಲಿ ಮೂಲ ಅಕ್ಷರದ ಗುರುತೇ ಸುಲಭವಾಗಿ ಹತ್ತುವುದಿಲ್ಲ. ಅರ್ಕಾವೊತ್ತಿನದು ಇನ್ನೂ ವಿಚಿತ್ರ: ‘ಮಾರ್ಕೆಟ್’ ಎನ್ನುವಾಗ ನಾಲಿಗೆಗೆ ರಕಾರ ಮೊದಲು, ಕಕಾರ ಆಮೇಲೆ, ಕಣ್ಣಿಗೆ ಕಕಾರ ಮೊದಲು, ಅರ್ಕಾವೊತ್ತು ಆಮೇಲೆ. ನನ್ನ ತರಗತಿಯಲ್ಲಿ ಎಲ್ಲರೂ ತಡೆದು ನಿಲ್ಲುವ ಜಾಗ ಇದು. ಬೆಂಗಳೂರಿನ ಸೊನಾಲಿ ನಾಗ್ ಅವರು ಕನ್ನಡ ಶಾಲಾಮಕ್ಕಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಅಕ್ಷರಗಳ ಪೂರ್ತಿ ಪರಿಚಯಕ್ಕೆ ಮಕ್ಕಳು ಇಂಗ್ಲಿಷಿನಂತೆ ಒಂದೆರಡು ವರ್ಷವಲ್ಲ, ಪ್ರಾಥಮಿಕ ಶಾಲೆಯ ಹಲವು ವರ್ಷ ತೆಗೆದುಕೊಳ್ಳುತ್ತಾರೆಂದು ತೋರಿಸಿದ್ದಾರೆ. ಮೂರನೆಯ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ದಡ್ಡನೆನ್ನುವ ತಂದೆತಾಯಂದಿರಿಗೆ ಈ ಮಾತನ್ನು ನಾನು ಸಿಕ್ಕಲ್ಲೆಲ್ಲ ಹೇಳುತ್ತೇನೆ.

ಲಿಪಿ ಬದಲಾದರೆ ಮಿದುಳು ಕಲಿಯುವ ಪಾಠವೂ ಬದಲಾಗಬಹುದು ಎಂಬುದಕ್ಕೆ ನೆರೆಯ ತಮಿಳಿನ ಉದಾಹರಣೆಯಿದೆ. ರೋಮನ್ ಲಿಪಿಯಲ್ಲಿ ಬಿ ಮತ್ತು ಡಿ ಯ ಚಿಕ್ಕಕ್ಷರಗಳು ಒಂದಕ್ಕೊಂದು ಕನ್ನಡಿಬಿಂಬ. ಅದನ್ನು ಓದುವವರು ಬಿಂಬಗಳನ್ನು ಬೇರೆ ಬೇರೆಯೆಂದು ಕಾಣಲು ಕಲಿಯುತ್ತಾರೆ. ಅಂಥ ಜೋಡಿಗಳಿಲ್ಲದ ತಮಿಳು ಲಿಪಿಯೊಂದನ್ನೇ ಬಲ್ಲವರು ಈ ವಿಷಯದಲ್ಲಿ ಅನಕ್ಷರಸ್ಥರಂತೆಯೇ ಬಿಂಬಗಳನ್ನು ಒಂದಾಗಿ ಕಂಡರೆಂದು 1998ರ ಅಧ್ಯಯನವೊಂದು ಹೇಳಿತು.

ಹಾಗಾಗಿ ಕನ್ನಡದ ಓದನ್ನು ಕನ್ನಡದಲ್ಲೇ ಅಳೆಯಬೇಕೆಂಬುದು ನನ್ನ ಆಸೆ. ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳ ಮುಂದೆ ಅದೇ ಹುಡುಕಾಟದ ಆಟವನ್ನಿಟ್ಟು, ಕ, ಕ್ಕ, ಕ್ತ, ರ್ಕ ಗಳನ್ನು ಬೆರೆಸಿ ತೋರಿಸಿ, ಕ್ತ ಎಂಬುದು ಯಾವ ವಯಸ್ಸಿನಲ್ಲಿ ಒಂದೇ ಆಕಾರವಾಗಿ ಕಾಣುವುದನ್ನು ಬಿಟ್ಟು ಕಕಾರ ಮತ್ತು ತಕಾರದ ಒತ್ತಾಗಿ ಬಿಡಿಸಿಕೊಳ್ಳುತ್ತದೆ, ರ್ಕ ಅದಕ್ಕಿಂತ ಎಷ್ಟು ತಡ ಮಾಡುತ್ತದೆ ಎಂದು ಗುರುತಿಸಬಹುದು. ಇದಕ್ಕೆ ಸ್ಕ್ಯಾನ್ ಯಂತ್ರವೂ ಬೇಡ. ಒಂದು ಲ್ಯಾಪ್‌ಟಾಪ್, ಸಮಯ ಅಳೆಯುವ ಸಣ್ಣ ಪ್ರೋಗ್ರಾಂ, ಒಂದು ಶಾಲೆಯ ಅನುಮತಿ ಇದ್ದರೆ ಸಾಕು.