ಪವಿತ್ರ ಗುರುವಾರದ ಹನ್ನೆರಡು ಕುರ್ಚಿ

ಯೇಸು ಕೊನೆಯ ಊಟದ ಹೊತ್ತಿಗೆ ಶಿಷ್ಯರ ಪಾದ ತೊಳೆದದ್ದನ್ನು ನೆನೆಯುವ ಪವಿತ್ರ ಗುರುವಾರದ ಸಂಜೆ, ಫಾದರ್ ಕೈಯಲ್ಲಿ ಪಾದ ತೊಳೆಸಿಕೊಳ್ಳುವುದಕ್ಕೆ ಆಯ್ಕೆಯಾದ ಹನ್ನೆರಡು ಮಂದಿಯೂ ಮನೆಯಲ್ಲೇ ಚೆನ್ನಾಗಿ ಕಾಲು ತೊಳೆದುಕೊಂಡು ಬರುತ್ತಾರೆ. ಇದು ಯಾವ ಧರ್ಮಕೇಂದ್ರದಲ್ಲೂ ಗುಟ್ಟೇನಲ್ಲ. ಸೋಪು ಹಾಕಿ ಉಜ್ಜಿ, ಉಗುರು ಕತ್ತರಿಸಿ, ಒಡೆದ ಹಿಮ್ಮಡಿಗೆ ಹಿಂದಿನ ರಾತ್ರಿಯೇ ವ್ಯಾಸಲೀನ್ ಸವರಿಕೊಂಡು ಬಂದಿರುತ್ತಾರೆ. ಫಾದರ್ ಒಬ್ಬೊಬ್ಬರ ಬಲಗಾಲಿನ ಮೇಲೂ ಬೆಚ್ಚಗಿನ ನೀರು ಸುರಿದು, ಬಿಳಿ ಟವೆಲಿನಲ್ಲಿ ಒತ್ತಿ, ಬಾಗಿ ಮುತ್ತಿಟ್ಟು ಮುಂದಿನ ಕುರ್ಚಿಗೆ ಸರಿಯುತ್ತಾರೆ. ಗಾಯನ ತಂಡದ ಹಾಡು ಮುಗಿಯುವಷ್ಟರಲ್ಲಿ ವಿಧಿಯೂ ಮುಗಿದಿರುತ್ತದೆ. ಬೋಗುಣಿಯಲ್ಲಿ ಉಳಿದ ನೀರು ಕುಡಿಯುವ ನೀರಿನಷ್ಟೇ ತಿಳಿಯಾಗಿರುತ್ತದೆ.

ಇದನ್ನು ಗೇಲಿ ಮಾಡಲು ಹೇಳುತ್ತಿಲ್ಲ. ಆ ಹತ್ತು ನಿಮಿಷ ನನಗೆ ವರ್ಷದ ಬಲಿಪೂಜೆಗಳಲ್ಲೆಲ್ಲ ಪ್ರಿಯವಾದದ್ದು. ಪೀಠದಲ್ಲಿ ನಿಂತು ನಮಗೆಲ್ಲ ಬುದ್ಧಿ ಹೇಳುವ ಮನುಷ್ಯ ಮೇಲುಡುಪು ತೆಗೆದಿಟ್ಟು ಆಟೋ ಓಡಿಸುವವನ, ಅಪಾರ್ಟ್‌ಮೆಂಟಿನ ವಾಚ್‌ಮನ್ನಿನ ಮುಂದೆ ಮಂಡಿಯೂರುವುದು ಸಣ್ಣ ಸಂಗತಿಯಲ್ಲ. ಆದರೂ ಆ ತಿಳಿನೀರು ನನ್ನನ್ನು ಕಾಡುತ್ತದೆ.

ಬೈಬಲಿನಲ್ಲಿ ಸಂತ ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಆ ಕಾಲದಲ್ಲಿ ಅತಿಥಿಗಳ ಕಾಲು ತೊಳೆಯುವುದು ಬಾಗಿಲ ಬಳಿ, ಊಟಕ್ಕೆ ಮೊದಲು. ತೊಳೆಯುವವನು ಮನೆಯ ಆಳು. ಯೇಸು ಎದ್ದದ್ದು ಊಟದ ನಡುವೆ. ಅಂದರೆ ಅಲ್ಲಿಯವರೆಗೂ ಯಾರೂ ಏಳಲಿಲ್ಲ, ಎಲ್ಲರೂ ಧೂಳುಗಾಲಿನಲ್ಲೇ ಉಣ್ಣಲು ಕುಳಿತಿದ್ದರೋ ಏನೋ. ಮೇಲುಡುಪು ಕಳಚಿದ್ದು, ಸೊಂಟಕ್ಕೆ ಅಂಗವಸ್ತ್ರ ಕಟ್ಟಿದ್ದು, ಬೋಗುಣಿಗೆ ನೀರು ಹುಯ್ದದ್ದು, ಒರೆಸಿದ್ದು, ಎಲ್ಲವನ್ನೂ ಯೊವಾನ್ನ ಒಂದೊಂದಾಗಿ ಹೇಳುತ್ತಾನೆ. ಯೂದ ಎದ್ದು ಹೊರಗೆ ಹೋಗುವುದು ಇದೆಲ್ಲ ಆದ ಮೇಲೆ. ಹಿಡಿದುಕೊಡಲು ಹೊರಟವನ ಕಾಲೂ ಆ ಹೊತ್ತಿಗೆ ತೊಳೆದಾಗಿತ್ತು.

ಇನ್ನೊಂದು ಸಂಗತಿಯಿದೆ. ಇದಕ್ಕೆ ಕೆಲವೇ ದಿನ ಮೊದಲು ಬೆಥಾನಿಯದಲ್ಲಿ ಮರಿಯ ಎಂಬಾಕೆ ಯೇಸುವಿನ ಪಾದಕ್ಕೆ ಸುಗಂಧ ತೈಲ ಹಚ್ಚಿ ತನ್ನ ಕೂದಲಿನಿಂದ ಒರೆಸಿದ್ದಳು. ಅದು ಹಿಂದಿನ ಅಧ್ಯಾಯದಲ್ಲೇ ಇದೆ. ಗುರು ಶಿಷ್ಯರಿಗೆ ತೋರಿಸಿಕೊಟ್ಟದ್ದನ್ನು ಒಬ್ಬ ಹೆಂಗಸು ಆಗಲೇ ಮಾಡಿ ಮುಗಿಸಿದ್ದಳು. ಆದರೂ ನಮ್ಮ ಹನ್ನೆರಡು ಕುರ್ಚಿಯಲ್ಲಿ ಹೆಣ್ಣುಮಕ್ಕಳಿಗೆ ನಿಯಮದ ಪ್ರಕಾರ ಜಾಗ ಸಿಗಬೇಕಾದರೆ 2016ರ ಜನವರಿ ಬರಬೇಕಾಯಿತು. ಜಗದ್ಗುರು (ಪೋಪ್) ಫ್ರಾನ್ಸಿಸ್‌ರವರು ಅಪ್ಪಣೆಗೂ ಮೊದಲೇ ಆಚರಣೆಯನ್ನು ತೋರಿಸಿದ್ದರು. 2013ರಲ್ಲಿ, ಆರಿಸಿ ಬಂದ ತಿಂಗಳಲ್ಲೇ, ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಹನ್ನೆರಡು ಮಂದಿಯ ಕಾಲು ತೊಳೆದರು. ಅವರಲ್ಲಿ ಯುವತಿಯರಿದ್ದರು, ಮುಸ್ಲಿಮರಿದ್ದರು. 2024ರಲ್ಲಿ ಮಹಿಳಾ ಸೆರೆಮನೆಯಲ್ಲಿ ಹನ್ನೆರಡೂ ಮಂದಿ ಹೆಂಗಸರೇ. 2025ರ ಪವಿತ್ರ ಗುರುವಾರ ಮೈಯಲ್ಲಿ ಶಕ್ತಿಯಿಲ್ಲದೆ ಬಾಗಲಾಗಲಿಲ್ಲ, ಆದರೂ ಸೆರೆಮನೆಗೆ ಹೋಗುವುದನ್ನು ಬಿಡಲಿಲ್ಲ. ಅದಾದ ನಾಲ್ಕನೇ ದಿನ ತೀರಿಕೊಂಡರು.

ಇಷ್ಟೆಲ್ಲ ಓದಿಯೂ ನನ್ನ ಮಟ್ಟಿಗೆ ಈ ವಿಧಿ ಅರ್ಥವಾದದ್ದು ದೇವಾಲಯದ ಹೊರಗೆ, ಕುಷ್ಠರೋಗದಿಂದ ಗುಣವಾದವರ ಒಂದು ವಸತಿಯಲ್ಲಿ. ಬೆಳಿಗ್ಗೆ ತಿಂಡಿಯಾದ ಮೇಲೆ ಜಗಲಿಯುದ್ದಕ್ಕೂ ಪ್ಲಾಸ್ಟಿಕ್ ಟಬ್ಬುಗಳು. ಪ್ರತಿಯೊಂದರಲ್ಲೂ ತಣ್ಣೀರು, ನೀರಿನಲ್ಲಿ ಎರಡು ಪಾದ. ಈ ಕಾಯಿಲೆ ನರಕ್ಕೆ ಹೊಡೆತ ಕೊಡುತ್ತದೆ. ನರ ಸತ್ತ ಮೇಲೆ ಪಾದಕ್ಕೆ ನೋವೂ ಗೊತ್ತಾಗದು, ಬೆವರೂ ಬಾರದು. ಬೆವರಿಲ್ಲದ ಚರ್ಮ ಒಣಗಿ ಬಿರಿಯುತ್ತದೆ, ಬಿರುಕಿನಲ್ಲಿ ಕೀವು ತುಂಬುತ್ತದೆ, ನೋವಿಲ್ಲದ್ದರಿಂದ ಮನುಷ್ಯ ಅದರ ಮೇಲೇ ನಡೆಯುತ್ತಾನೆ. ಬೆರಳು ಹೋಗುವುದು, ಪಾದ ಕುಗ್ಗುವುದು ಹೆಚ್ಚಾಗಿ ಹೀಗೆ. ರೋಗಾಣು ಮಾಂಸ ತಿಂದು ಅಲ್ಲ. ಇದನ್ನು ಖಚಿತವಾಗಿ ತೋರಿಸಿಕೊಟ್ಟವರಲ್ಲಿ ಮುಖ್ಯರು, ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಷನರಿ ದಂಪತಿಗೆ ಹುಟ್ಟಿ ವೆಲ್ಲೂರಿನಲ್ಲಿ ದುಡಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್. ರೋಗಾಣು ಸತ್ತು ಎಷ್ಟು ವರ್ಷವಾಗಿದ್ದರೂ ಈ ಪಾದವನ್ನು ದಿನಾ ನೋಡಿಕೊಳ್ಳಲೇಬೇಕು.

ಅಲ್ಲಿನ ಸಿಸ್ಟರ್ ಒಬ್ಬರು ಒಂದು ಮುದುಕಿಯ ಮುಂದೆ ಗಿಡ್ಡ ಮಣೆ ಹಾಕಿಕೊಂಡು ಕುಳಿತಿದ್ದರು. ಇಪ್ಪತ್ತು ನಿಮಿಷ ನೆನೆದ ಪಾದವನ್ನು ತಮ್ಮ ತೊಡೆಯ ಮೇಲಿನ ಬಟ್ಟೆಗೆ ಎತ್ತಿಕೊಂಡು, ಒರಟು ಕಲ್ಲಿನಿಂದ ಅಂಗಾಲಿನ ದಪ್ಪ ಚರ್ಮವನ್ನು ಮೆಲ್ಲಗೆ ತೀಡಿದರು. ಬಿಳಿ ಹಿಟ್ಟಿನಂಥ ಪೊರೆ ಉದುರಿತು. ಹಿಮ್ಮಡಿಯ ಬಿರುಕನ್ನು ಬೆರಳಿನಿಂದ ಅಗಲಿಸಿ ಒಳಗೆ ಕೆಂಪಿದೆಯೇ ಎಂದು ಇಣುಕಿದರು. ಪಾದ ಇನ್ನೂ ಒದ್ದೆಯಿರುವಾಗಲೇ ಕೊಬ್ಬರಿ ಎಣ್ಣೆ ಹಚ್ಚಿದರು. ಒಣಗಿದ ಮೇಲೆ ಹಚ್ಚಿದರೆ ನೆನೆಸಿದ್ದೆಲ್ಲ ದಂಡ. ಕೊನೆಗೆ ಚಪ್ಪಲಿಯನ್ನು ಮಗುಚಿ ಒಳಗೆಲ್ಲ ಕೈಯಾಡಿಸಿದರು, ಕಲ್ಲುಚೂರು, ಮುಳ್ಳು ಏನಾದರೂ ಸಿಕ್ಕಿಕೊಂಡಿದೆಯೇ ಎಂದು. ಮೆತ್ತನೆಯ ಎಂ.ಸಿ.ಆರ್. ರಬ್ಬರಿನ ಆ ಚಪ್ಪಲಿಗೆ ಒಂದೂ ಮೊಳೆ ಹೊಡೆಯುವುದಿಲ್ಲ. ಮೊಳೆ ಎದ್ದು ಚುಚ್ಚಿದರೂ ಹಾಕಿಕೊಂಡವರಿಗೆ ತಿಳಿಯುವುದಿಲ್ಲವಲ್ಲ. ಟಬ್ಬಿನ ನೀರು ಬೂದು ಬಣ್ಣಕ್ಕೆ ತಿರುಗಿತ್ತು. ಸಿಸ್ಟರ್ ಅದನ್ನು ಬಾಳೆಬುಡಕ್ಕೆ ಚೆಲ್ಲಿ, ತೊಳೆದು, ಪಕ್ಕದವರ ಟಬ್ಬಿಗೆ ಕೈ ಹಾಕಿದರು.

ಸಂತ ಡೇಮಿಯನ್‌ರ ಕಥೆಯಲ್ಲೂ ಒಂದು ನೀರಿನ ಬೋಗುಣಿ ಇದೆ. ಬೆಲ್ಜಿಯಮಿನ ರೈತರ ಮಗ, 33ನೇ ವಯಸ್ಸಿನಲ್ಲಿ, 1873ರ ಮೇ ತಿಂಗಳಲ್ಲಿ ಹವಾಯಿಯ ಮೊಲೊಕಾಯಿ ದ್ವೀಪಕ್ಕೆ ಹೋದರು. ಕುಷ್ಠರೋಗಿಗಳನ್ನು ಸರ್ಕಾರವೇ ಹಡಗಿನಲ್ಲಿ ತಂದು ಇಳಿಸಿ ಹೋಗುತ್ತಿದ್ದ ಜಾಗ ಅದು. ನಾರ್ವೆಯಲ್ಲಿ ಹ್ಯಾನ್ಸನ್ ಈ ರೋಗಾಣುವನ್ನು ಗುರುತಿಸಿದ್ದೂ ಅದೇ ವರ್ಷ, ಮದ್ದು ಇನ್ನೂ ಬಹಳ ದೂರವಿತ್ತು. ಡೇಮಿಯನ್ ಹುಣ್ಣು ತೊಳೆದು ಪಟ್ಟಿ ಕಟ್ಟಿದರು, ಮನೆ ಕಟ್ಟಿದರು, ಶವಪೆಟ್ಟಿಗೆಯನ್ನೂ ಮಾಡಿದರು. ಮರ, ಬಟ್ಟೆ, ಆಹಾರ ಕಳಿಸಿ ಎಂದು ಆರೋಗ್ಯ ಮಂಡಳಿಗೆ ಬೆಂಬಿಡದೆ ಬರೆದು ಅಲ್ಲಿನ ಅಧಿಕಾರಿಗಳಿಗೆ ತಲೆನೋವಾದರು. ಮೊಂಡ ಎಂಬ ಹೆಸರು ಬಂತು. ನಮ್ಮ ಪವಿತ್ರ ಚಿತ್ರಗಳಲ್ಲಿ ಈ ಮೊಂಡುತನ ಕಾಣುವುದಿಲ್ಲ, ಬರೀ ಪ್ರಭಾವಲಯ ಕಾಣುತ್ತದೆ. ಸರ್ಕಾರಿ ಕಛೇರಿಗೆ ಹತ್ತಾರು ಸಲ ಅಲೆಯುವವರ ಪಾಲಿಗೂ ಒಬ್ಬ ಸಂತ ಬೇಕಲ್ಲವೇ?

1884ರ ಕೊನೆಗೆ ಒಂದು ದಿನ ಅವರು ದಣಿದು ಬಂದು ಕಾಲನ್ನು ನೀರಿಗೆ ಇಳಿಸಿದರು. ನೀರು ಕುದಿಯುವಷ್ಟು ಬಿಸಿಯಿತ್ತು. ಚರ್ಮ ಬೊಬ್ಬೆಯೆದ್ದರೂ ಕಾಲಿಗೆ ಏನೂ ಗೊತ್ತಾಗಲಿಲ್ಲ. ತಮಗೂ ರೋಗ ಅಂಟಿದೆ ಎಂಬುದು ಅವರಿಗೆ ನಿಶ್ಚಯವಾದದ್ದು ಹಾಗೆ. ಅಲ್ಲಿಂದ ಮುಂದೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅದೇ ಕೆಲಸ ಮಾಡಿ 1889ರ ಏಪ್ರಿಲಿನಲ್ಲಿ, ಪವಿತ್ರ ವಾರದಲ್ಲೇ, ಕಣ್ಣು ಮುಚ್ಚಿದರು.

ಮರುವರ್ಷವೇ, 1890ರಲ್ಲಿ, ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಕುಷ್ಠರೋಗಿಗಳಿಗೆ ಆಶ್ರಯ ತೆರೆದರು. ಜರ್ಮನಿಯಿಂದ ಬಂದ ಯೇಸುಸಭೆಯ (ಜೆಸ್ವಿಟ್) ಗುರು ಅವರು. ಹತ್ತು ವರ್ಷದ ಹಿಂದಷ್ಟೇ ಬಡವರಿಗೆ ಔಷಧ ಕೊಡಲು ಶುರು ಮಾಡಿದ್ದರು. ಇವತ್ತು ಆ ಜಾಗದಲ್ಲಿ ದೊಡ್ಡ ಆಸ್ಪತ್ರೆ, ಮೆಡಿಕಲ್ ಕಾಲೇಜು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ 1970ರ ದಶಕದ ಕೊನೆಗೆ ಸುಮನಹಳ್ಳಿ ಕೇಂದ್ರ ಹುಟ್ಟಿದ್ದೂ ಇಂಥದೇ ಕೆಲಸಕ್ಕೆ, ಸರ್ಕಾರವೂ ಮಹಾಧರ್ಮಕ್ಷೇತ್ರವೂ ಕೈಜೋಡಿಸಿ. ಈಗ ನಗರದ ಬಹಳ ಜನಕ್ಕೆ ಸುಮನಹಳ್ಳಿ ಎಂದರೆ ಫ್ಲೈಓವರ್ ಮತ್ತು ಟ್ರಾಫಿಕ್ ಜಾಮ್.

ಕಾಲು ತೊಳೆದು ಬಂದರೆ ಸಾಲದೇ, ಕುಷ್ಠರೋಗದ ಕಾನೂನು ಕಟ್ಟಳೆಯ ಗೊಡವೆ ಭಕ್ತರಿಗೆ ಯಾಕೆ ಎಂದು ಕೇಳುವವರು ನಮ್ಮಲ್ಲಿ ಬಹಳ. ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡವರಿಗೆ ಆ ಪ್ರಶ್ನೆ ಹುಟ್ಟುವುದಿಲ್ಲ. ಈ ಪಾದ ಯಾಕೆ ಹೀಗಾಯಿತು, ಸ್ಪರ್ಶ ತಿಳಿಯದ ಮಚ್ಚೆ ಮೊದಲ ಸಲ ಕಂಡಾಗಲೇ ಆಸ್ಪತ್ರೆಗೆ ಯಾಕೆ ತೋರಿಸಲಿಲ್ಲ, ಗುಣವಾದ ಮೇಲೂ ಮನೆಯವರು ಯಾಕೆ ಕರೆದುಕೊಂಡು ಹೋಗಲಿಲ್ಲ ಎಂದು ಒಂದರ ಹಿಂದೊಂದು ಬರುತ್ತದೆ. ಎರಡು ಮೂರು ಔಷಧ ಸೇರಿಸಿ ಕೊಡುವ ಎಂ.ಡಿ.ಟಿ. ಚಿಕಿತ್ಸೆ 1980ರ ದಶಕದಿಂದಲೇ ಇದೆ. ಆರು ತಿಂಗಳೋ ಒಂದು ವರ್ಷವೋ ನುಂಗಿದರೆ ಗುಣ, ಅದೂ ಪುಕ್ಕಟೆ. ರೋಗಿಗಳನ್ನು ಹಿಡಿದು ಕೂಡಿಹಾಕಲು ಬ್ರಿಟಿಷರು 1898ರಲ್ಲಿ ಮಾಡಿದ ಕಾಯ್ದೆ ಮಾತ್ರ ಪುಸ್ತಕದಿಂದ ಪೂರ್ತಿ ಹೋದದ್ದು 2016ರಲ್ಲಿ.

ಕ್ರೈಸ್ತರಾದ ನಮಗೆ ಇದಕ್ಕಿಂತ ನಾಚಿಕೆಯ ವಿಷಯವೊಂದಿದೆ. ನಮಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯನ್ನು 2001ರಲ್ಲಿ ತಿದ್ದಿದರು. ಹೆಂಡತಿಗೂ ಗಂಡನಷ್ಟೇ ಹಕ್ಕು ಬಂದದ್ದು ಆಗ, ಅದು ಒಳ್ಳೆಯ ತಿದ್ದುಪಡಿಯೇ. ಅದರ ಜೊತೆಯಲ್ಲೇ, ಗಂಡನಿಗೋ ಹೆಂಡತಿಗೋ ‘ಗುಣವಾಗದ’ ಕುಷ್ಠರೋಗವಿದ್ದರೆ ಬಿಟ್ಟುಬಿಡಬಹುದು ಎಂಬ ಕಾರಣವೂ ಒಳಗೆ ಬಂತು. ರೋಗ ಗುಣವಾಗಲು ತೊಡಗಿ ಇಪ್ಪತ್ತು ವರ್ಷವಾದ ಮೇಲೆ! ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದ ಪ್ರಭುವಿನ ಕಥೆಯನ್ನು ನಾವು ಪೀಠದಿಂದ ಓದುತ್ತಿದ್ದ ಕಾಲದಲ್ಲೇ ನಮ್ಮ ಕುಟುಂಬದ ಕಾನೂನಿನಲ್ಲಿ ಆ ಸಾಲು ಕುಳಿತಿತ್ತು. ಹಿಂದೂ ವಿವಾಹ ಕಾಯ್ದೆಯೂ ಸೇರಿ ಐದು ಕಾಯ್ದೆಗಳಿಂದ ಈ ಕಾರಣವನ್ನು ಒಟ್ಟಿಗೆ ಕಿತ್ತುಹಾಕಿದ್ದು 2019ರಲ್ಲಿ. ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ನಾವು ಮಾಂಸ ಬಿಡುತ್ತೇವೆ, ಕೆಲವರು ಕಾಫಿಯನ್ನೂ ಬಿಡುತ್ತಾರೆ. ಅದು ಶುರುವಾಗುವ ವಿಭೂತಿ ಬುಧವಾರವಾದ ಎರಡೇ ದಿನಕ್ಕೆ ಓದುವ ಪ್ರವಾದಿ ಯೆಶಾಯನ ವಾಚನದಲ್ಲಿ ದೇವರು ಕೇಳುವ ಉಪವಾಸವೇ ಬೇರೆ: ಅನ್ಯಾಯದ ಕಟ್ಟು ಬಿಚ್ಚುವುದು, ನೊಗ ಮುರಿಯುವುದು.

ಇದಕ್ಕೆಲ್ಲ ಧೈರ್ಯ ಬೇಕು, ನಿಜ. ಧೈರ್ಯದ ಮಾತು ಬಂದಾಗ ನನಗೆ ನೆನಪಾಗುವುದು ಒಡಿಶಾದ ಬಾರಿಪದ. ಮಯೂರ್‌ಭಂಜ್ ಕುಷ್ಠಾಶ್ರಮದಲ್ಲಿ ಮೂರು ದಶಕ ದುಡಿದ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್‌ರನ್ನೂ ಹತ್ತು ಮತ್ತು ಆರು ವರ್ಷದ ಇಬ್ಬರು ಗಂಡುಮಕ್ಕಳನ್ನೂ 1999ರ ಜನವರಿಯ ಒಂದು ರಾತ್ರಿ ಮನೋಹರಪುರದಲ್ಲಿ ವಾಹನದೊಳಗೇ ಸುಟ್ಟರು. ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದದ್ದು ಎಲ್ಲರಿಗೂ ಗೊತ್ತು. ಅದರಷ್ಟು ಜನ ನೆನೆಯದ ವಿಷಯವೆಂದರೆ, ಆಕೆ ಮಗಳನ್ನು ಕರೆದುಕೊಂಡು ಕೂಡಲೇ ಆಸ್ಟ್ರೇಲಿಯಾಕ್ಕೆ ಹೊರಡಲಿಲ್ಲ. ಇನ್ನೂ ಐದು ವರ್ಷ ಅದೇ ಊರಿನಲ್ಲಿದ್ದು, ಅದೇ ಆಶ್ರಮವನ್ನು ನಡೆಸಿ, ಅಲ್ಲೊಂದು ಆಸ್ಪತ್ರೆಯನ್ನೂ ಮಾಡಿಸಿದರು. ಕ್ಷಮೆಯ ಮಾತನ್ನು ಒಂದು ದಿನ ಆಡಿಬಿಡಬಹುದು. ಮಾರನೆಯ ಬೆಳಿಗ್ಗೆ ಎದ್ದು ರೋಗಿಗಳ ಅಕ್ಕಿ-ಬೇಳೆಯ ಲೆಕ್ಕ ನೋಡುವುದು ಹೇಗೆ ಸಾಧ್ಯವಾಯಿತೋ ನನಗೆ ಇವತ್ತಿಗೂ ಅಂದಾಜಾಗದು.

ಯೇಸುವಿನ ಶಿಷ್ಯ ಪೇತ್ರನಿಗೆ ಕಷ್ಟವಾದದ್ದು ಬೇರೆ. ‘ನೀವು ನನ್ನ ಕಾಲು ತೊಳೆಯುವುದೇ? ಆಗದು’ ಎಂದು ಕಾಲು ಹಿಂದಕ್ಕೆಳೆದ. ಬಾಗುವುದಕ್ಕಿಂತ ಕಾಲು ಚಾಚಿ ಕೂರುವುದಕ್ಕೆ ಹೆಚ್ಚು ಸಂಕೋಚ. ಆ ವಸತಿಯಲ್ಲೂ ನೋಡಿದೆ. ಹೊರಗಿನವರು ಬಂದರೆಂದರೆ ಎಷ್ಟೋ ಮಂದಿ ಪಾದವನ್ನು ಸೀರೆಯೊಳಕ್ಕೆ, ಪಂಚೆಯೊಳಕ್ಕೆ ಎಳೆದುಕೊಳ್ಳುತ್ತಾರೆ. ಹಾಗಾಗಿ ಇಂಥವರನ್ನೇ ಕರೆತಂದು ಹನ್ನೆರಡು ಕುರ್ಚಿಯಲ್ಲಿ ಕೂರಿಸೋಣ ಎಂದು ನಮ್ಮ ಪಾಲನಾ ಸಮಿತಿಯಲ್ಲಿ ಒಬ್ಬರು ಉತ್ಸಾಹದಿಂದ ಎದ್ದಾಗ ನನಗೆ ಹಿತವೆನಿಸಲಿಲ್ಲ. ಫೋಟೋ, ವಾಟ್ಸಾಪ್ ಸ್ಟೇಟಸ್, ಮರುದಿನ ಮರೆವು. ಅವರನ್ನೇ ಕೇಳದೆ ಯಾವುದೂ ಬೇಡ ಎಂದು ಹೇಳಿದೆ. ಕೇಳಿಕೊಂಡು ಬರುವ ಕೆಲಸ ನನ್ನ ಮೇಲೇ ಬಿತ್ತು.

ಆ ಮುದುಕಿ ಟಬ್ಬಿನಲ್ಲಿ ಕಾಲಿಟ್ಟುಕೊಂಡೇ ಎಲ್ಲ ಕೇಳಿಸಿಕೊಂಡರು.

‘ಬರ್ತೀನಪ್ಪ, ನನಗೇನು ನಾಚಿಕೆ? ನಿಮ್ಮ ಗುಡಿಗೆ ಮೆಟ್ಲು ಎಷ್ಟಿದೆ?’

‘ಒಂಬತ್ತು ಅಜ್ಜಿ.’

‘ಹಿಡ್ಕೊಳ್ಳಕ್ಕೆ ಕಂಬಿ ಇದೆಯಾ?’

‘ಇಲ್ಲ.’

‘ಮತ್ತೆ? ಮೆಟ್ಲು ಹತ್ತೋದು ಹೆಂಗೆ? ಕಾಲು ಎಲ್ಲಿ ಊರಿದೀನಿ ಅಂತ ನನಗೆ ಗೊತ್ತಾಗಲ್ಲ ಕಣಪ್ಪ. ಕೈಯಲ್ಲಿ ಹಿಡ್ಕೊಂಡು, ಕಣ್ಣಲ್ಲಿ ನೋಡ್ಕೊಂಡೇ ಹತ್ತಬೇಕು. ಮೊದಲು ಅದು ಮಾಡ್ಸಿ, ಆಮೇಲೆ ಕಾಲು ತೊಳೀರಂತೆ.’

ಅಜ್ಜಿಯ ಮಾತನ್ನು ಇದ್ದ ಹಾಗೇ ಸಮಿತಿಯ ಮುಂದಿಟ್ಟೆ. ಕಂಬಿ ಹಾಕಿಸಿ ಪಕ್ಕಕ್ಕೆ ಇಳಿಜಾರು ದಾರಿ ಮಾಡಿಸಲು ಎಸ್ಟಿಮೇಟ್ ತರಿಸಿದ್ದೇವೆ. ದುಡ್ಡು ಒಂದೇ ಕಡೆ ಇದೆ: ಪಾಸ್ಕ ಹಬ್ಬಕ್ಕೆ ಹೊಸ ಮೈಕ್ ಸೆಟ್ ತರಲು ತೆಗೆದಿಟ್ಟದ್ದು. ಹಳೆಯ ಮೈಕ್ ಕರಕರ ಎನ್ನುತ್ತದೆ, ಪ್ರಸಂಗ ಹಿಂದಿನ ಸಾಲಿಗೆ ಕೇಳಿಸುವುದಿಲ್ಲ ಎಂಬುದು ಗಾಯನ ತಂಡದವರ ವಾದ. ಇನ್ನೊಂದು ವರ್ಷ ಕರಕರ ಎನ್ನಲಿ ಎಂಬುದು ನನ್ನದು. ಫಾದರ್ ಇನ್ನೂ ಬಾಯಿ ಬಿಟ್ಟಿಲ್ಲ. ಮುಂದಿನ ಭಾನುವಾರ ಎರಡನೇ ಪೂಜೆಯಾದ ಮೇಲೆ ಸಭೆ ಇದೆ.