ಹಾಟ್ ಡಾಗ್ ಗಾಡಿ ಹಾಕಬೇಕು, ಯಾವ ಗಾಡಿ ಕೊಳ್ಳಲಿ?

ನಾನು ಅಮೆರಿಕದಲ್ಲಿ ಹಾಟ್ ಡಾಗ್ ಗಾಡಿ ನಡೆಸುತ್ತೇನೆ ಅಂತ ತಿಳಿದ ಕೂಡಲೇ ನಮ್ಮವರು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ನನಗೂ ಇಂಥದ್ದೊಂದು ಶುರು ಮಾಡುವ ಆಸೆ ಇದೆ. ಯಾವ ಗಾಡಿ ತಗೊಳ್ಳಲಿ?" ಕೇಳುವಾಗಲೇ ಫೋನ್ ತೆಗೆದು ಫೋಟೋ ತೋರಿಸುತ್ತಾರೆ. ಹೊಳೆಯುವ ಸ್ಟೀಲು, ಕೆಂಪು ಹಳದಿ ಕೊಡೆ, ಕೆಳಗೆ ರೇಟು.

ನನ್ನ ಉತ್ತರ ಇಷ್ಟೇ: ಗಾಡಿಯನ್ನು ಎಲ್ಲಕ್ಕಿಂತ ಕೊನೆಗೆ ಕೊಳ್ಳಿ.

ಕೆಲವರಿಗೆ ಇದು ಹಿಡಿಸುವುದಿಲ್ಲ. ಗಾಡಿಯೇ ಇಲ್ಲದೆ ಗಾಡಿ ವ್ಯಾಪಾರ ಹೇಗೆ ಅಂತ ಕೇಳುತ್ತಾರೆ. ಗಾಡಿ ಹೇಗಿರಬೇಕು ಅಂತ ಹೇಳುವುದು ನಿಮ್ಮ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಹೆಲ್ತ್ ಡಿಪಾರ್ಟ್‌ಮೆಂಟ್. ಅದು ಎಷ್ಟು ದುಡಿಯುತ್ತದೆ ಅಂತ ಹೇಳುವುದು ನೀವು ನಿಲ್ಲುವ ಜಾಗ. ಇವೆರಡೂ ಗೊತ್ತಾಗುವ ಮೊದಲೇ ಗಾಡಿ ತರುವುದು ಹೆಣ್ಣು ಗೊತ್ತಾಗುವ ಮೊದಲೇ ಛತ್ರಕ್ಕೆ ಅಡ್ವಾನ್ಸ್ ಕೊಟ್ಟ ಹಾಗೆ.

ಮೊದಲ ಫೋನ್ ಹೆಲ್ತ್ ಡಿಪಾರ್ಟ್‌ಮೆಂಟಿಗೆ ಮಾಡಿ. ಎಫ್‌ಡಿಎ, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ಆಹಾರ ಮತ್ತು ಔಷಧ ಸಂಸ್ಥೆ ಬರೆದ ಫುಡ್ ಕೋಡ್ ಅಂತ ಆಹಾರ ಸುರಕ್ಷತೆಯ ನಿಯಮಾವಳಿ ಒಂದಿದೆ. ಅದು ಒಂದು ಮಾದರಿ ಅಷ್ಟೇ. ರಾಜ್ಯಗಳು ಅದನ್ನು ತಮಗೆ ಬೇಕಾದ ಹಾಗೆ ತಿದ್ದಿಕೊಂಡು ಕಾನೂನು ಮಾಡಿಕೊಳ್ಳುತ್ತವೆ. ಕೌಂಟಿ ಅಥವಾ ನಗರದವರು ಅದನ್ನು ಜಾರಿ ಮಾಡುತ್ತಾರೆ. ಹಾಗಾಗಿ ಒಂದು ಕೌಂಟಿಯಲ್ಲಿ ಪಾಸಾದ ಗಾಡಿ ಪಕ್ಕದ ಕೌಂಟಿಯಲ್ಲಿ ಪಾಸಾಗುತ್ತದೆ ಅನ್ನುವ ಖಾತ್ರಿ ಇಲ್ಲ. ಒಂದು ಕಡೆ ಕೈ ತೊಳೆಯುವ ಸಿಂಕ್ ಒಂದಿದ್ದರೆ ಸಾಕು ಅನ್ನುತ್ತಾರೆ. ಇನ್ನೊಂದು ಕಡೆ ಪಾತ್ರೆ ತೊಳೆಯಲು ಮೂರು, ಕೈಗೆ ಒಂದು, ಒಟ್ಟು ನಾಲ್ಕು ಸಿಂಕ್ ಬೇಕು ಅನ್ನುತ್ತಾರೆ. ಮೇಲೆ ಮುಚ್ಚಲು ಕೊಡೆ ಸಾಕೇ, ಗಟ್ಟಿ ಚಾವಣಿ ಬೇಕೇ ಅನ್ನುವುದೂ ಊರಿಂದೂರಿಗೆ ಬದಲಾಗುತ್ತದೆ. "ಹಾಟ್ ಡಾಗ್ ಪುಶ್‌ಕಾರ್ಟಿಗೆ ಪ್ಲಾನ್ ರಿವ್ಯೂ ಹೇಗೆ, ಏನೇನು ಬೇಕು?" ಅಂತ ಕೇಳಿ. ಪ್ಲಾನ್ ರಿವ್ಯೂ ಅಂದರೆ ಗಾಡಿಯ ನಕ್ಷೆ, ವಿವರಗಳನ್ನು ಅವರು ಮೊದಲೇ ನೋಡಿ ಒಪ್ಪುವುದು. ಇನ್‌ಸ್ಪೆಕ್ಟರ್ ಅಂದರೆ ಹೆದರುವವರೇ ಜಾಸ್ತಿ. ನನ್ನ ಅನುಭವದಲ್ಲಿ ಮೊದಲೇ ಹೋಗಿ ಕೇಳುವವರಿಗೆ ಅವರು ಸಮಾಧಾನವಾಗಿ ಹೇಳಿಕೊಡುತ್ತಾರೆ. ಗಾಡಿ ತಂದು ನಿಲ್ಲಿಸಿದ ಮೇಲೆ "ಇದು ಆಗಲ್ಲ" ಅನ್ನುವುದು ಅವರಿಗೂ ಇಷ್ಟದ ಕೆಲಸವಲ್ಲ.

ಮೆನುವಿನ ಮಿತಿಯನ್ನೂ ಅಲ್ಲೇ ಕೇಳಿ. ಹಾಟ್ ಡಾಗ್ ಗಾಡಿಗೆ ಇಷ್ಟು ಸುಲಭವಾಗಿ ಪರ್ಮಿಟ್ ಸಿಗುವುದಕ್ಕೆ ಕಾರಣವಿದೆ. ಸಾಸೇಜ್ ಕಾರ್ಖಾನೆಯಲ್ಲೇ ಬೆಂದು ಬಂದಿರುತ್ತದೆ. ನಾವು ಬಿಸಿ ಮಾಡಿ ಬನ್ನಿನೊಳಗೆ ಇಟ್ಟು ಕೊಡುತ್ತೇವೆ. ಜೊತೆಗೆ ಹಸಿ ಚಿಕನ್ ಗ್ರಿಲ್ ಮಾಡೋಣ ಅಂತ ಹೊರಟರೆ ನೀವು ಬೇರೆಯೇ ವರ್ಗಕ್ಕೆ ಹೋಗುತ್ತೀರಿ. ಅಲ್ಲಿ ನಿಯಮವೂ ಬೇರೆ, ಖರ್ಚೂ ಬೇರೆ.

ಬಿಸಿಯ ವಿಷಯದಲ್ಲಿ ಸ್ವಲ್ಪ ನಿಂತು ಮಾತಾಡಬೇಕು. ಇದರ ಬಗ್ಗೆ ನನ್ನನ್ನು ಯಾರೂ ಕೇಳುವುದಿಲ್ಲ, ಅದೇ ನನಗೆ ಚಿಂತೆ. ಫುಡ್ ಕೋಡ್ ಪ್ರಕಾರ ತಣ್ಣಗಿರಬೇಕಾದದ್ದು 41 ಡಿಗ್ರಿ ಫ್ಯಾರನ್‌ಹೀಟ್ ಒಳಗೆ ಇರಬೇಕು. ಬಿಸಿಯಾಗಿರಬೇಕಾದದ್ದು 135 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ನಡುವಿನದ್ದು ಬ್ಯಾಕ್ಟೀರಿಯಾ ಬೆಳೆಯುವ ಜಾಗ. ಪ್ಯಾಕೆಟ್ಟಿನಿಂದ ತೆಗೆದ ಸಾಸೇಜನ್ನು 135ಕ್ಕೆ ತಂದರೆ ಕೋಡಿನ ಲೆಕ್ಕದಲ್ಲಿ ಸಾಕು. ಆದರೆ ಹಾಟ್ ಡಾಗಿನಲ್ಲಿ ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾದ ಭಯ ಇದೆ. ಅದು ಫ್ರಿಜ್ಜಿನ ಚಳಿಯಲ್ಲೂ ಬೆಳೆಯುತ್ತದೆ. ಗರ್ಭಿಣಿಯರು, ವಯಸ್ಸಾದವರು, ರೋಗ ತಡೆಯುವ ಶಕ್ತಿ ಕಡಿಮೆ ಇರುವವರು ಹಾಟ್ ಡಾಗ್ ತಿನ್ನುವುದಾದರೆ 165 ಡಿಗ್ರಿಗೆ, ಅಂದರೆ ಚೆನ್ನಾಗಿ ಹಬೆಯಾಡುವಷ್ಟು ಬಿಸಿ ಮಾಡಿಯೇ ತಿನ್ನಬೇಕು ಅಂತ ಇಲ್ಲಿನ ಸರ್ಕಾರವೇ ಹೇಳುತ್ತದೆ. ನನ್ನ ಗಾಡಿಯ ಮುಂದೆ ನಿಂತವರಲ್ಲಿ ಯಾರು ಗರ್ಭಿಣಿ ಅಂತ ನಾನು ಹೇಗೆ ತಿಳಿಯಲಿ? ಅದಕ್ಕೇ ಎಲ್ಲವನ್ನೂ 165ಕ್ಕೆ ಏರಿಸುತ್ತೇನೆ. ಬಿಸಿ ಮಾಡುವ ಒಂದೊಂದು ತಟ್ಟೆಯಲ್ಲೂ ಸಾಸೇಜಿಗೆ ಥರ್ಮಾಮೀಟರ್ ಚುಚ್ಚಿ ನೋಡುತ್ತೇನೆ. ಸಂಜೆ ಬಿಸಿ ನೀರಿನಲ್ಲಿ ಉಳಿದದ್ದನ್ನು ಎಸೆಯುತ್ತೇನೆ. ಬೆಂದದ್ದನ್ನು ಎತ್ತಿಡಬೇಕೆಂದರೆ ಎರಡು ಗಂಟೆಯೊಳಗೆ 70 ಡಿಗ್ರಿಗೆ, ಒಟ್ಟು ಆರು ಗಂಟೆಯೊಳಗೆ 41ಕ್ಕೆ ಇಳಿಸಬೇಕು. ಗಾಡಿಯ ಐಸ್ ಪೆಟ್ಟಿಗೆಯಲ್ಲಿ ಅದು ಆಗುವ ಮಾತಲ್ಲ. ಎಸೆಯುವಾಗ ಹೊಟ್ಟೆ ಉರಿಯುತ್ತದೆ, ನಿಜ. ಅದಕ್ಕೆ ಪರಿಹಾರ ಒಂದೇ, ಕೊನೆಯ ಒಂದು ಗಂಟೆಯಲ್ಲಿ ಸ್ವಲ್ಪ ಸ್ವಲ್ಪವೇ ಬಿಸಿಗೆ ಹಾಕುವುದು.

ಎರಡನೆಯದು ಕಿಚನ್. ಇಲ್ಲಿ ಅದಕ್ಕೆ ಕಮಿಸರಿ ಅನ್ನುತ್ತಾರೆ. "ಮನೆಯಲ್ಲೇ ಈರುಳ್ಳಿ ಹೆಚ್ಚಿಕೊಂಡು ಹೋದರೆ ಆಗಲ್ವಾ?" ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಸಾಮಾನ್ಯವಾಗಿ ಎಲ್ಲ ಕಡೆಯೂ ಪರ್ಮಿಟ್ ಇರುವ ಅಡುಗೆಮನೆಯೊಂದರ ಜೊತೆ ಲಿಖಿತ ಒಪ್ಪಂದ ಕೇಳುತ್ತಾರೆ. ಈರುಳ್ಳಿ ಹೆಚ್ಚುವುದು, ಸಾಮಾನು ಇಡುವುದು, ಶುದ್ಧ ನೀರು ತುಂಬುವುದು, ಕೊಳೆ ನೀರು ಸುರಿಯುವುದು, ಗಾಡಿ ತೊಳೆಯುವುದು, ಎಲ್ಲ ಅಲ್ಲೇ. ತಿಂಗಳ ಬಾಡಿಗೆಗೆ ಸಿಗುವ ಹಂಚಿಕೆಯ ಕಿಚನ್‌ಗಳಿವೆ. ಅವು ದುಬಾರಿ ಅನ್ನಿಸಿದರೆ ಬೆಳಿಗ್ಗೆ ಮುಚ್ಚಿರುವ ರೆಸ್ಟೋರೆಂಟಿನವರನ್ನು ಕೇಳಿ. ಚರ್ಚಿನ ಅಡುಗೆಮನೆ, ಸಮುದಾಯ ಭವನದ ಅಡುಗೆಮನೆ ಕೂಡ ಪರ್ಮಿಟ್ ಇದ್ದರೆ ನಡೆಯುತ್ತದೆ. ಬಾಡಿಗೆ ಕಡಿಮೆ ಅಂತ ಸುಮ್ನೆ ದೂರದ ಕಿಚನ್ ಹಿಡಿಯಬೇಡಿ. ದಿನಾ ಹೋಗಿ ಬರಬೇಕು. ಗಾಡಿ ಎಳೆದುಕೊಂಡು ಅರ್ಧ ಗಂಟೆ ಹೋಗುವುದು ದಿನಕ್ಕೆ ಒಂದು ಗಂಟೆ ತಿನ್ನುತ್ತದೆ.

ಇನ್ನು ಜಾಗ. ಹಾಟ್ ಡಾಗ್ ಅಂದರೆ ಎಲ್ಲರಿಗೂ ನ್ಯೂಯಾರ್ಕಿನ ಫುಟ್‌ಪಾತ್ ನೆನಪಾಗುತ್ತದೆ. ಆದರೆ ಹೊಸಬರಿಗೆ ಅದಕ್ಕಿಂತ ಕಷ್ಟದ ಊರು ಇನ್ನೊಂದಿಲ್ಲ. ಅಲ್ಲಿ 1983ರಲ್ಲಿ ಆಹಾರದ ಗಾಡಿಗಳ ಪರ್ಮಿಟ್ ಸಂಖ್ಯೆಗೆ ಮಿತಿ ಹಾಕಿದರು. ಸುಮಾರು ಮೂರು ಸಾವಿರಕ್ಕೆ ನಿಂತಿತು. ನಗರಕ್ಕೆ ಕಟ್ಟುವ ಶುಲ್ಕ ಎರಡು ವರ್ಷಕ್ಕೆ 200 ಡಾಲರ್ ಇತ್ತು. ಅದೇ ಪರ್ಮಿಟ್ಟನ್ನು ಕದ್ದುಮುಚ್ಚಿ ಬಾಡಿಗೆಗೆ ಪಡೆಯಲು ಜನ 20,000 ಡಾಲರ್ ಮೀರಿ ಕೊಟ್ಟಿದ್ದಾರೆ. ದುಡಿಯುವವನ ಬೆವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ ಅನ್ನುತ್ತೇನೆ. 2021ರಲ್ಲಿ ನಗರದವರು ಹೊಸ ಕಾನೂನು ಮಾಡಿ, ಹತ್ತು ವರ್ಷ ಕಾಲ ವರ್ಷಕ್ಕೆ 445ರಂತೆ ಹೊಸ ಲೈಸೆನ್ಸ್ ಕೊಡಲು ನಿರ್ಧರಿಸಿದರು. ಆ ಲೈಸೆನ್ಸ್ ಇರುವವರು ಗಾಡಿಯ ಹತ್ತಿರವೇ ಇರಬೇಕು ಅನ್ನುವ ಷರತ್ತನ್ನೂ ಹಾಕಿದರು. ಪರ್ಮಿಟ್ ಸಿಕ್ಕಿದರೂ ಎಲ್ಲೆಂದರಲ್ಲಿ ನಿಲ್ಲುವ ಹಾಗಿಲ್ಲ. ಕಟ್ಟಡದ ಬಾಗಿಲಿನಿಂದ 20 ಅಡಿ ದೂರ ಇರಬೇಕು. ಆ ಫುಟ್‌ಪಾತಿನಲ್ಲಿ ನಡೆಯುವವರಿಗೆ ಅಡ್ಡಿಯಿಲ್ಲದ 12 ಅಡಿ ಅಗಲದ ದಾರಿ ಇರಬೇಕು. ಪಾರ್ಕಿನ ಒಳಗಿನ ಜಾಗಗಳದ್ದು ಬೇರೆ ಕಥೆ, ಅಲ್ಲಿ ಟೆಂಡರ್. ಸೆಂಟ್ರಲ್ ಪಾರ್ಕಿನ ಮೃಗಾಲಯದ ಬಾಗಿಲ ಬಳಿಯ ಒಂದು ಗಾಡಿ ಜಾಗಕ್ಕೆ ವರ್ಷಕ್ಕೆ 2,89,500 ಡಾಲರ್ ಕೊಡುತ್ತಿದ್ದದ್ದು 2013ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಅಲ್ಲಿನ ಗಾಡಿ ಮಾಮೂಲಿ ಗಾಡಿಯೇ. ಅಷ್ಟು ದುಡ್ಡು ಸುರಿದದ್ದು ಜಾಗಕ್ಕೆ.

ಹಳೆಯ ಕಥೆಯೂ ಇದನ್ನೇ ಹೇಳುತ್ತದೆ. ನ್ಯೂಯಾರ್ಕಿನ ಕೋನಿ ಐಲ್ಯಾಂಡ್ ಕಡಲ ತೀರದಲ್ಲಿ ಚಾರ್ಲ್ಸ್ ಫೆಲ್ಟ್‌ಮನ್ ಅನ್ನುವ ಜರ್ಮನ್ ವಲಸಿಗ 1867ರಲ್ಲಿ ಬಂಡಿಯಲ್ಲಿ ಬನ್ನಿನ ಜೊತೆ ಸಾಸೇಜ್ ಮಾರಲು ಶುರು ಮಾಡಿದ. ಅದು ಬೆಳೆದು ದೊಡ್ಡ ರೆಸ್ಟೋರೆಂಟ್ ಆಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ನೇಥನ್ ಹ್ಯಾಂಡ್‌ವರ್ಕರ್ 1916ರಲ್ಲಿ ಹತ್ತಿರದಲ್ಲೇ ಸ್ವಂತ ಅಂಗಡಿ ಹಾಕಿದ. ಫೆಲ್ಟ್‌ಮನ್ ಅಂಗಡಿಯ 10 ಸೆಂಟಿನ ಹಾಟ್ ಡಾಗನ್ನು 5 ಸೆಂಟಿಗೆ ಕೊಟ್ಟ. ಬೆಲೆ ಇಳಿಸಿದ್ದೇ ಅವನ ಜಾಣತನ ಅಂತ ಎಲ್ಲರೂ ಹೇಳುತ್ತಾರೆ. ಆದರೆ 1920ರಲ್ಲಿ ಸಬ್‌ವೇ ರೈಲು ಅವನ ಅಂಗಡಿಯ ಎದುರಿಗೇ ಬಂದು ನಿಂತಿತು. ಐದೇ ಸೆಂಟಿಗೆ ಮಾರಿಯೂ ಬದುಕಬೇಕಾದರೆ ಅಷ್ಟು ಜನ ಬೇಕು. ಜನರಿಲ್ಲದ ಜಾಗದಲ್ಲಿ ಬೆಲೆ ಇಳಿಸಿದರೆ ಕೈಯಿಂದ ಕಳೆದುಕೊಳ್ಳುವುದಷ್ಟೇ.

ನಮ್ಮಂಥವರಿಗೆ ಸಣ್ಣ ಊರುಗಳು, ಖಾಸಗಿ ಜಾಗಗಳು ವಾಸಿ. ಕ್ಯಾಲಿಫೋರ್ನಿಯಾದಲ್ಲಿ 2019ರ ಜನವರಿಯಿಂದ ನಗರಗಳು ಫುಟ್‌ಪಾತ್ ವ್ಯಾಪಾರವನ್ನು ಪೂರ್ತಿ ನಿಷೇಧಿಸುವ ಹಾಗಿಲ್ಲ. ಬೇರೆ ಕಡೆ ಎಷ್ಟೋ ಊರುಗಳಲ್ಲಿ ರಸ್ತೆ ಬದಿ ಬಿಡುವುದೇ ಇಲ್ಲ. ಆಗ ಜಾಗದ ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ಪಡೆದು, ಯಾವ ಜಾಗದಲ್ಲಿ ಯಾವ ವ್ಯಾಪಾರ ನಡೆಯಬಹುದು ಅಂತ ಹೇಳುವ ಊರಿನ ಝೋನಿಂಗ್ ಕಚೇರಿಯಲ್ಲಿ ಕೇಳಿಕೊಂಡು ನಿಲ್ಲಬೇಕು. ನನಗೆ ತುಂಬ ಇಷ್ಟವಾದ ಜಾಗ ಅಡುಗೆಮನೆ ಇಲ್ಲದ ಬ್ರೂವರಿ, ಅಂದರೆ ಬಿಯರ್ ತಯಾರಿಸಿ ಅಲ್ಲೇ ಕುಡಿಯಲು ಕೊಡುವ ಜಾಗ. ಜನ ಗಂಟೆಗಟ್ಟಲೆ ಕೂರುತ್ತಾರೆ, ಹಸಿವಾಗುತ್ತದೆ, ತಿನ್ನಲು ಬೇರೇನೂ ಇರುವುದಿಲ್ಲ. ಮಾಲೀಕರಿಗೂ ಊಟ ಕೊಡುವವರು ಬೇಕಿರುತ್ತದೆ. ಕೋರ್ಟಿನ ಎದುರು, ದೊಡ್ಡ ಹಾರ್ಡ್‌ವೇರ್ ಅಂಗಡಿಯ ಬಾಗಿಲು, ಮಕ್ಕಳು ಬೇಸ್‌ಬಾಲ್ ಆಡುವ ಮೈದಾನ, ಇವೂ ಒಳ್ಳೆಯವು. ಬರೀ ವಾಹನ ಓಡಾಡುವ ರಸ್ತೆಯನ್ನು ನಂಬಬೇಡಿ. ನಲವತ್ತು ಮೈಲಿ ವೇಗದಲ್ಲಿ ಹೋಗುವವರು ಹಾಟ್ ಡಾಗಿಗೆ ನಿಲ್ಲುವುದಿಲ್ಲ. ಮಧ್ಯಾಹ್ನ ಹನ್ನೊಂದರಿಂದ ಎರಡರವರೆಗೆ ಅಲ್ಲಿ ನೀವೇ ನಿಂತು ನಡೆದು ಹೋಗುವವರನ್ನು ಎಣಿಸಿ. ಬೇರೆ ಬೇರೆ ವಾರದಲ್ಲಿ, ಬೇರೆ ಬೇರೆ ಹವೆಯಲ್ಲಿ ಎಣಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಜಾಗ ಯಾಕೆ ಇಷ್ಟು ಮುಖ್ಯ ಅಂತ ಒಂದು ಉದಾಹರಣೆಯ ಲೆಕ್ಕ ನೋಡಿ. ಹಾಟ್ ಡಾಗ್ 4 ಡಾಲರ್. ಸಾಸೇಜ್, ಬನ್ನು, ಸಾಸಿವೆ, ಈರುಳ್ಳಿ, ಕಾಗದ ಎಲ್ಲ ಸೇರಿ ಅಸಲು ಒಂದೂಕಾಲು ಡಾಲರ್ ಅನ್ನಿ. 60 ಮಾರಿದರೆ 165 ಡಾಲರ್ ಉಳಿಯಿತು. 30 ಜನ ಸೋಡಾ ತಗೊಂಡು, ಒಂದಕ್ಕೆ ಒಂದೂವರೆ ಡಾಲರ್ ಉಳಿದರೆ ಇನ್ನು 45. ಕಿಚನ್ ಬಾಡಿಗೆ, ಇನ್ಶೂರೆನ್ಸ್, ಒಲೆಯ ಪ್ರೊಪೇನ್ ಗ್ಯಾಸು, ಪೆಟ್ರೋಲು ಅಂತ ದಿನದ ಪಾಲು 50 ಕಳೆಯಿರಿ. ಕೈಯಲ್ಲಿ 160. ಮಾರಾಟ ನಾಲ್ಕೇ ಗಂಟೆ ಇದ್ದರೂ ಬೆಳಿಗ್ಗೆ ಐಸ್ ತುಂಬುವುದರಿಂದ ಸಂಜೆ ತಟ್ಟೆ ತೊಳೆದು ಒರೆಸಿಡುವವರೆಗೆ ಒಂಬತ್ತು ಗಂಟೆ ಆಗುತ್ತದೆ. ಗಂಟೆಗೆ 18 ಡಾಲರೂ ಬೀಳಲಿಲ್ಲ. ಇದೇ ಗಾಡಿ, ಇದೇ ಒಂಬತ್ತು ಗಂಟೆ, ಆದರೆ 120 ಹಾಟ್ ಡಾಗ್, 60 ಸೋಡಾ ಹೋಗುವ ಜಾಗ ಅನ್ನಿ. ಆಗ ಕೈಯಲ್ಲಿ 370. ಗಂಟೆಗೆ 40ರ ಮೇಲೆ. ಜಾಗ ಒಂದನ್ನು ಬಿಟ್ಟು ಬೇರೇನೂ ಬದಲಾಗಿಲ್ಲ, ಅಲ್ವಾ? ಮಳೆ ಬಂದ ದಿನ, ಚಳಿಗಾಲದ ತಿಂಗಳು ಇದರಲ್ಲಿ ಸೇರಿಲ್ಲ. ಆ ಹಳ್ಳ ತುಂಬುವುದು ಮನೆ ಪಾರ್ಟಿ, ಕಂಪನಿಯ ಊಟದಂಥ ಬುಕಿಂಗ್‌ಗಳು. ಎಷ್ಟು ಜನ ಅಂತ ಮೊದಲೇ ಗೊತ್ತು, ಅಡ್ವಾನ್ಸ್ ಕೈಯಲ್ಲಿ, ಎಸೆಯುವುದು ಏನೂ ಇಲ್ಲ.

ನಮ್ಮವರಿಗೆ ಒಂದು ಮಾತು ಮುಖ್ಯವಾಗಿ ಹೇಳಬೇಕು. ಎಚ್-1ಬಿ ವೀಸಾದಲ್ಲಿ ಒಂದು ಕಂಪನಿಗೆ ದುಡಿಯುತ್ತಿರುವವರು ಶನಿವಾರ ಭಾನುವಾರ ಅಂತ ಗಾಡಿಯಲ್ಲಿ ನಿಂತು ಮಾರುವ ಹಾಗಿಲ್ಲ. ಅವರ ಗಂಡ ಅಥವಾ ಹೆಂಡತಿಯಾಗಿ ಎಚ್-4 ವೀಸಾದಲ್ಲಿರುವವರಿಗೆ ಕೆಲಸದ ಪರವಾನಗಿ, ಅಂದರೆ ಇಎಡಿ ಇರಲೇಬೇಕು. ಕೈಗೆ ಗ್ರೀನ್ ಕಾರ್ಡ್ ಬಂದಿಲ್ಲದಿದ್ದರೆ ಮೊದಲು ವಲಸೆ ವಕೀಲರನ್ನು ಕೇಳಿ. ಗಾಡಿಯ ಆಸೆಗೆ ವೀಸಾ ಕೆಡಿಸಿಕೊಳ್ಳಬಾರದು.

ಸಸ್ಯಾಹಾರಿ ಹಾಟ್ ಡಾಗ್ ಇಡಬಹುದಾ ಅಂತಲೂ ಕೇಳುತ್ತಾರೆ. ಇಡಿ, ಖಂಡಿತ ಹೋಗುತ್ತದೆ. ಆದರೆ ಅದಕ್ಕೆ ಬೇರೆ ತಟ್ಟೆ, ಬೇರೆ ಚಿಮಟ, ಬೇರೆ ನೀರು. ಬೀಫ್ ಬೆಂದ ನೀರಿನಲ್ಲೇ ಅದ್ದಿ ತೆಗೆದದ್ದನ್ನು ನಂಬಿ ತಿನ್ನುವವರಿಗೆ ಕೊಡುವುದು ಮೋಸ.

ಸರಿ, ಕೌಂಟಿಯ ಪಟ್ಟಿ ಕೈಯಲ್ಲಿದೆ, ಕಿಚನ್ ಒಪ್ಪಂದ ಆಗಿದೆ, ಜಾಗದ ಮಾಲೀಕರು ಬರೆದುಕೊಟ್ಟಿದ್ದಾರೆ. ಈಗ ಗಾಡಿಯ ಮಾತಿಗೆ ಬರೋಣ. ಎನ್‌ಎಸ್‌ಎಫ್ ಗುರುತು (ಆಹಾರದ ಸಲಕರಣೆ ಶುಚಿತ್ವದ ಮಟ್ಟ ಮುಟ್ಟಿದೆ ಅನ್ನುವ ಮುದ್ರೆ) ಇರುವ ಸ್ಟೀಲಿನ ತಟ್ಟೆ, ಸಿಂಕ್ ಇರುವುದನ್ನೇ ನೋಡಿ. ಕೊಳೆ ನೀರಿನ ಟ್ಯಾಂಕು ಶುದ್ಧ ನೀರಿನದ್ದಕ್ಕಿಂತ ಶೇಕಡಾ 15ರಷ್ಟು ದೊಡ್ಡದಿರಬೇಕು ಅಂತ ಫುಡ್ ಕೋಡ್ ಹೇಳುತ್ತದೆ. ಮಾರುವವರು ಹೇಳಿದ್ದನ್ನು ನಂಬದೆ ಅಳೆದು ನೋಡಿ. ಕೈ ತೊಳೆಯುವ ನಲ್ಲಿಯಲ್ಲಿ ಬಿಸಿ ನೀರು ನಿಜವಾಗಿ ಬರುತ್ತದೆಯೇ ಅಂತ ಬಿಟ್ಟು ನೋಡಿ. ಪ್ರೊಪೇನ್ ಕೊಳವೆಯ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದರೆ ಅಲ್ಲಿ ಸೋರುತ್ತಿದೆ ಅಂತ ಅರ್ಥ. ಜಾಗ ಮೆಟ್ಟಿಲ ಮೇಲಿದ್ದರೆ, ಕಿಚನ್ ಬಾಗಿಲು ಕಿರಿದಾಗಿದ್ದರೆ ಸಣ್ಣ ತಳ್ಳುಗಾಡಿ. ಪಾರ್ಟಿಗಳಿಗೆ ದೂರ ಹೋಗುವುದಾದರೆ ಕಾರಿಗೆ ಕಟ್ಟಿ ಎಳೆಯುವಂಥದ್ದು. ಹಳೆಯ ಗಾಡಿ ಕೊಳ್ಳುವುದು ತಪ್ಪೇನಲ್ಲ, ನಾನೂ ಅದನ್ನೇ ಹೇಳುತ್ತೇನೆ. ಆದರೆ ಬೇರೆ ಊರಿನಲ್ಲಿ ಪಾಸಾಗಿತ್ತು ಅನ್ನುವ ಸ್ಟಿಕ್ಕರ್ ನೋಡಿ ದುಡ್ಡು ಕೊಡಬೇಡಿ. ಒಳಗಿನ ಸಿಂಕು, ಟ್ಯಾಂಕು, ಬರ್ನರ್ ಎಲ್ಲದರ ಫೋಟೋ ತೆಗೆದು, ಅಳತೆ ಬರೆದು, ನಿಮ್ಮ ಇನ್‌ಸ್ಪೆಕ್ಟರಿಗೆ ಕಳಿಸಿ. ಅವರು ಆಗಬಹುದು ಅಂತ ಬರಹದಲ್ಲಿ ಉತ್ತರ ಕೊಟ್ಟ ಮೇಲೆ ಅಡ್ವಾನ್ಸ್ ಕೊಡಿ.